ಕೋಡ್ ಮುಟ್ಟಿಲ್ಲ, ಆದರೂ ಪ್ರೋಗ್ರಾಂ ನಿಂತಿದೆ

2019ರ ಕೊನೆಯ ಒಂದು ಶುಕ್ರವಾರ. ನಮ್ಮ ಟೀಮಿನ ಕೈಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಇತ್ತು. ದಿನಾ ರಾತ್ರಿ ಬೇರೊಂದು ಸಂಸ್ಥೆಯ ಸರ್ವರಿಗೆ ಹೋಗಿ ಲೆಕ್ಕದ ಫೈಲ್ ತರುವುದಷ್ಟೇ ಅದರ ಕೆಲಸ. ಎರಡು ವರ್ಷದಿಂದ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ಅದು ಓಡುತ್ತಿದ್ದ ಮಷೀನಿನ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್ ಲಿನಕ್ಸನ್ನು 9ರಿಂದ 10ಕ್ಕೆ ಏರಿಸಿದೆವು. ರಾತ್ರಿ ಫೈಲ್ ಬರಲಿಲ್ಲ. ಲಾಗ್ ತೆಗೆದು ನೋಡಿದರೆ ಒಂದೇ ಸಾಲು: ‘ಡಿಎಚ್ ಕೀ ಟೂ ಸ್ಮಾಲ್’.

‘ನಾವು ಕೋಡ್ ಮುಟ್ಟೇ ಇಲ್ಲ ಸರ್’ ಅಂತ ಮ್ಯಾನೇಜರಿಗೆ ಹೇಳಿದೆ. ಆ ಕಡೆಯವರಿಗೆ ಫೋನ್ ಮಾಡಿದರೆ ‘ನಮ್ಮ ಕಡೆ ಏನೂ ಚೇಂಜ್ ಆಗಿಲ್ಲ ಸರ್’ ಅಂದರು. ಇಬ್ಬರ ಮಾತೂ ನಿಜ. ಬದಲಾಗಿದ್ದು, ಭದ್ರ ಸಂಪರ್ಕದ ಕೆಲಸ ನೋಡಿಕೊಳ್ಳಲು ನಡುವೆ ಕೂತಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಡೀಫಾಲ್ಟ್.

ಎರಡು ಕಂಪ್ಯೂಟರುಗಳು ಗುಟ್ಟಾಗಿ ಮಾತಾಡಬೇಕಾದರೆ ಮೊದಲು ಇಬ್ಬರಿಗೂ ಗೊತ್ತಿರುವ ಒಂದು ಕೀ ಹುಟ್ಟಿಸಿಕೊಳ್ಳಬೇಕು. ಅದಕ್ಕೆ ಬಳಸುವ ಹಳೆಯ ವಿಧಾನಗಳಲ್ಲಿ ಒಂದು, ಲಾಗಿನಲ್ಲಿ ‘ಡಿಎಚ್’ ಅಂತ ಕಂಡ ಡಿಫಿ-ಹೆಲ್‌ಮನ್. ಆ ಸರ್ವರ್ ಅದಕ್ಕೆ 1024 ಬಿಟ್ ಉದ್ದದ ಸಂಖ್ಯೆ ಕೊಡುತ್ತಿತ್ತು. ಡೆಬಿಯನ್ 9 ಅದನ್ನು ಒಪ್ಪುತ್ತಿತ್ತು. ಡೆಬಿಯನ್ 10ರಲ್ಲಿ ‘ಸೆಕ್‌ಲೆವೆಲ್’ ಎಂಬ ಸೆಟಿಂಗನ್ನು 1ರಿಂದ 2ಕ್ಕೆ ಏರಿಸಿದ್ದರು. 2 ಅಂದರೆ 2048 ಬಿಟ್‌ಗಿಂತ ಕಡಿಮೆ ಇದ್ದರೆ ಮಾತೇ ಇಲ್ಲ. ಇಂಥ ಗುಟ್ಟಿನ ಸಂಪರ್ಕದ ನಿಯಮಾವಳಿಯಾದ ಟಿಎಲ್‌ಎಸ್‌ನ ಕನಿಷ್ಠ ಆವೃತ್ತಿಯನ್ನೂ 1.2ಕ್ಕೆ ಏರಿಸಿದ್ದರು.

ನಾವು ಮಾಡಿದ್ದನ್ನೇ ಅವತ್ತು ಊರಲ್ಲಿ ಎಷ್ಟೋ ಜನ ಮಾಡಿರುತ್ತಾರೆ. ಹುಡುಕಿದೆವು, ಮೊದಲು ಸಿಕ್ಕ ಉತ್ತರ ಓದಿದೆವು, ಇಡೀ ಮಷೀನಿಗೆ ಅನ್ವಯಿಸುವ ಓಪನ್‌ಎಸ್‌ಎಸ್‌ಎಲ್ ಕಾನ್ಫಿಗ್ ಫೈಲ್ ತೆರೆದು 2 ಇದ್ದಲ್ಲಿ 1 ಅಂತ ಬರೆದೆವು. ಫೈಲ್ ಬಂತು. ಹನ್ನೊಂದೂವರೆಗೆ ಮನೆಗೆ ಹೋದೆವು. ಆ 1ರ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮುಂದೆ ಹೇಳುತ್ತೇನೆ.

ವಠಾರದ ಗೇಟು

ಡೀಫಾಲ್ಟ್ ಅಂದರೆ ನೀವು ಏನೂ ಹೇಳದಿದ್ದರೆ ಪ್ರೋಗ್ರಾಂ ತಾನಾಗಿ ಹಿಡಿಯುವ ದಾರಿ. ಬಹಳ ಜನ ಏನೂ ಹೇಳುವುದಿಲ್ಲ. ಸುಮ್ನೆ ‘ಈ ವಿಳಾಸಕ್ಕೆ ಭದ್ರವಾಗಿ ಸಂಪರ್ಕ ಮಾಡು’ ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾರೆ. ಯಾವ ಸೈಫರ್ (ಗುಟ್ಟು ಮಾಡುವ ಲೆಕ್ಕ), ಎಷ್ಟು ಬಿಟ್ ಎಂಬುದೆಲ್ಲ ಲೈಬ್ರರಿ ಬರೆದವರಿಗೆ ಬಿಟ್ಟಿದ್ದು. ಹಾಗೆ ಬಿಡುವುದೇ ಸರಿ ಕೂಡ. ಬಿಲ್ಲಿಂಗ್ ಪ್ರೋಗ್ರಾಂ ಬರೆಯುವವರು ಕ್ರಿಪ್ಟೋಗ್ರಫಿ ಓದಿಕೊಂಡು ಬರಬೇಕು ಅನ್ನುವುದು ಆಗದ ಮಾತು.

ತೊಂದರೆ ಏನೆಂದರೆ, ಭದ್ರತೆಯ ಲೆಕ್ಕಕ್ಕೆ ವಯಸ್ಸಾಗುತ್ತದೆ. ಹತ್ತು ವರ್ಷದ ಹಿಂದೆ ಬರೆದ ಕೂಡುವ ಲೆಕ್ಕ ಇವತ್ತೂ ಸರಿಯಾಗೇ ಕೂಡುತ್ತದೆ. ಹತ್ತು ವರ್ಷದ ಹಿಂದಿನ ಬೀಗ ಹಾಗಲ್ಲ. ಕೋಡ್ ಇದ್ದ ಹಾಗೇ ಇರುತ್ತದೆ, ಒಡೆಯುವವರ ಕೈ ಪಳಗಿರುತ್ತದೆ. ಹಾಗಾಗಿ ಡೀಫಾಲ್ಟ್ ಬದಲಿಸದೆ ಇಟ್ಟುಕೊಂಡರೆ ಹಳಬರಿಗೆ ತೊಂದರೆ ಇಲ್ಲ ಅನ್ನಬಹುದು. ಆದರೆ ಇವತ್ತು ಹೊಸದಾಗಿ ಬರೆಯುವ ಪ್ರೋಗ್ರಾಂ ಕೂಡ ಹುಟ್ಟುತ್ತಲೇ ಹಳೆಯ ಬೀಗ ಹಾಕಿಕೊಂಡು ಹುಟ್ಟುತ್ತದೆ.

ವಠಾರದ ಗೇಟು ನೆನೆಸಿಕೊಳ್ಳಿ. ಬೀಗ ಎಷ್ಟು ಸವೆದಿದೆ ಅಂದರೆ ಹೇರ್‌ಪಿನ್ ಹಾಕಿದರೂ ತೆರೆಯುತ್ತದೆ. ಮನೆ ಓನರ್ ಒಂದು ರಾತ್ರಿ ಹೊಸ ಬೀಗ ಹಾಕುತ್ತಾರೆ, ಬಾಡಿಗೆದಾರರಿಗೆಲ್ಲ ಹೊಸ ಕೀ ಕೊಡುತ್ತಾರೆ. ಬೆಳಿಗ್ಗೆ ಐದಕ್ಕೆ ಹಾಲಿನವನು ಹೊರಗೆ ನಿಂತಿರುತ್ತಾನೆ. ಹಳೆಯ ಕೀ ಯಾರ್‍ಯಾರ ಹತ್ತಿರ ಇತ್ತು ಎಂಬ ಪಟ್ಟಿ ಓನರ್ ಹತ್ತಿರ ಇರಲೇ ಇಲ್ಲ. ಮಾರನೇ ದಿನ ಯಾರೋ ಒಬ್ಬರು ಗೇಟು ಮುಚ್ಚಿಕೊಳ್ಳದ ಹಾಗೆ ಒಂದು ಇಟ್ಟಿಗೆ ಅಡ್ಡ ಇಡುತ್ತಾರೆ. ಬೀಗ ಹೊಸದು, ಗೇಟು ಮಾತ್ರ ದಿನವಿಡೀ ತೆರೆದೇ ಇರುತ್ತದೆ.

ಲೈಬ್ರರಿ ಬರೆಯುವವರಿಗೂ ಆ ಪಟ್ಟಿ ಇರುವುದಿಲ್ಲ. ಆದ್ದರಿಂದ ‘ಯಾವ ಪ್ರೋಗ್ರಾಮೂ ಕೆಡದ ಹಾಗೆ ಡೀಫಾಲ್ಟ್ ಬದಲಿಸಿ’ ಎಂಬ ಬೇಡಿಕೆಯೇ ಅರ್ಧ ಸುಳ್ಳು ಅಂತ ನನ್ನ ಅನಿಸಿಕೆ. ದುರ್ಬಲವಾದದ್ದನ್ನು ಬೇಡ ಅನ್ನುವುದೇ ಬದಲಾವಣೆಯ ಉದ್ದೇಶ, ಆಗ ದುರ್ಬಲವಾದದ್ದನ್ನು ನಂಬಿಕೊಂಡವರಿಗೆ ಪೆಟ್ಟು ಬೀಳಲೇಬೇಕು. ಕೇಳಬೇಕಾದ್ದು ಬೇರೆ: ಪೆಟ್ಟು ಬಿದ್ದವರು ಆ ರಾತ್ರಿ ಏನು ಮಾಡುತ್ತಾರೆ? ಅವರ ಕೈಗೆ ಸಿಗುವ ವಿನಾಯಿತಿ ಎಷ್ಟು ಅಗಲ? ಭದ್ರತೆ ನಿಜವಾಗಿ ಏರಿತೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಒಂದು ಅಂಡರ್‌ಸ್ಕೋರ್

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಥೆ ನೋಡಿ. 2014ರ ಕೊನೆಯವರೆಗೂ ಪೈಥಾನ್ ಜೊತೆ ಬರುವ ವೆಬ್ ಲೈಬ್ರರಿಗಳು ಎಚ್‌ಟಿಟಿಪಿಎಸ್ ಸಂಪರ್ಕ ಮಾಡುತ್ತಿದ್ದವು, ಆದರೆ ಎದುರಿನ ಸರ್ವರಿನ ಗುರುತಿನ ಚೀಟಿ, ಅಂದರೆ ಸರ್ಟಿಫಿಕೇಟ್, ಅಸಲಿಯೋ ನಕಲಿಯೋ ಅಂತ ನೋಡುತ್ತಿರಲಿಲ್ಲ. ಲಕೋಟೆಗೆ ಭದ್ರವಾಗಿ ಅಂಟು ಹಾಕಿ, ಬಾಗಿಲಿಗೆ ಬಂದ ಯಾರೋ ಒಬ್ಬರ ಕೈಗೆ ಕೊಟ್ಟ ಹಾಗೆ. ನಡುವೆ ಕೂತವನು ತನ್ನದೇ ಸರ್ಟಿಫಿಕೇಟ್ ತೋರಿಸಿದರೂ ಪ್ರೋಗ್ರಾಂ ‘ಸರಿ’ ಅಂದುಬಿಡುತ್ತಿತ್ತು.

ಇದನ್ನು ಸರಿಮಾಡಲು ಪೆಪ್ 476 ಎಂಬ ಪ್ರಸ್ತಾಪ ಬಂತು. 2014ರ ಡಿಸೆಂಬರಿನಲ್ಲಿ ಪೈಥಾನ್ 2.7.9 ಹೊರಬಂದಾಗ ಪರಿಶೀಲನೆ ಡೀಫಾಲ್ಟ್ ಆಯಿತು. 2.7.8ರಿಂದ 2.7.9 ಅಂದರೆ ಸಣ್ಣಪುಟ್ಟ ರಿಪೇರಿಯ ಬಿಡುಗಡೆ, ಅದರಲ್ಲಿ ನಡವಳಿಕೆಯನ್ನೇ ಬದಲಿಸುವುದು ಪದ್ಧತಿಯಲ್ಲ. ಆದರೂ ಬದಲಿಸಿದರು. ಇದು ಭದ್ರತೆಯ ದೋಷ, ಮುಂದಿನ ದೊಡ್ಡ ಆವೃತ್ತಿಗೆ ಕಾಯುವಂಥದ್ದಲ್ಲ ಎಂಬ ನಿಲುವು. ನನ್ನ ಪ್ರಕಾರ ಅದು ಸರಿಯಾದ ನಿಲುವೇ.

ಎಡವಿದ್ದು ವಿನಾಯಿತಿಯಲ್ಲಿ. ಆಫೀಸಿನ ಒಳಗೇ ಓಡುವ, ತಾವೇ ಸಹಿ ಮಾಡಿಕೊಂಡ ಸರ್ಟಿಫಿಕೇಟ್ ಇರುವ ಸರ್ವರುಗಳು ಸಾವಿರಾರು ಇದ್ದವು. ಅಂಥವರಿಗಾಗಿ ಆ ಪ್ರಸ್ತಾಪದಲ್ಲೇ ಒಂದು ಸಾಲಿನ ಉಪಾಯ ಬರೆದಿದ್ದರು: ‘ಕ್ರಿಯೇಟ್ ಡೀಫಾಲ್ಟ್ ಎಚ್‌ಟಿಟಿಪಿಎಸ್ ಕಾಂಟೆಕ್ಸ್ಟ್’ ಎಂಬ ಫಂಕ್ಷನ್ ಜಾಗದಲ್ಲಿ ‘ಕ್ರಿಯೇಟ್ ಅನ್‌ವೆರಿಫೈಡ್ ಕಾಂಟೆಕ್ಸ್ಟ್’ ಇಡಿ. ಎರಡರ ಹೆಸರೂ ಅಂಡರ್‌ಸ್ಕೋರಿನಿಂದ ಶುರು. ಪೈಥಾನ್ ಲೋಕದಲ್ಲಿ ಅದರರ್ಥ ‘ಇದು ಒಳಮನೆ ವಿಷಯ, ಹೊರಗಿನವರು ಮುಟ್ಟಬೇಡಿ’. ಯಾರು ಕೇಳುತ್ತಾರೆ? ಸರ್ಟಿಫಿಕೇಟ್ ದೋಷ ಅಂತ ಹುಡುಕಿದರೆ ಇವತ್ತಿಗೂ ಆ ಸಾಲು ಉತ್ತರವಾಗಿ ಸಿಗುತ್ತದೆ. ಕಾಪಿ, ಪೇಸ್ಟ್, ಕೆಲಸ ಆಯ್ತು.

ಆ ಸಾಲು ಮಾಡುವುದು ಏನು? ಒಂದು ಸರ್ವರಿಗೆ ವಿನಾಯಿತಿ ಕೊಡುವುದಿಲ್ಲ. ಆ ಲೈಬ್ರರಿ ಬಳಸಿ ಇಡೀ ಪ್ರೋಗ್ರಾಂ ಮಾಡುವ ಎಲ್ಲ ಸಂಪರ್ಕಕ್ಕೂ ಪರಿಶೀಲನೆ ಆರಿಸುತ್ತದೆ. ಆಫೀಸಿನೊಳಗಿನ ಟೆಸ್ಟ್ ಸರ್ವರ್ ಜೊತೆಗೆ ಬ್ಯಾಂಕಿನ ಸರ್ವರಿಗೂ. ಸರಿಯಾದ ದಾರಿಯೂ ಇತ್ತು: ಆಫೀಸಿನ ಸರ್ಟಿಫಿಕೇಟನ್ನು ನಂಬುವ ಒಂದು ಕಾಂಟೆಕ್ಸ್ಟ್ (ಸಂಪರ್ಕದ ಸೆಟಿಂಗುಗಳ ಒಂದು ಕಟ್ಟು) ಮಾಡಿ, ಆ ಒಂದು ಸಂಪರ್ಕಕ್ಕೆ ಮಾತ್ರ ಕೊಡುವುದು. ಮೂರು ನಾಲ್ಕು ಸಾಲು ಜಾಸ್ತಿ ಬರೆಯಬೇಕು. ಒಂದು ಸಾಲಿನ ಎದುರು ನಾಲ್ಕು ಸಾಲು ಯಾವತ್ತೂ ಗೆದ್ದಿಲ್ಲ.

ಹೆಸರಿಡಲು ಎಂಡಿ4

ಬೆಂಗಳೂರಿನಲ್ಲಿ ವೆಬ್ ಕೆಲಸ ಮಾಡುವವರಿಗೆ ಇನ್ನೊಂದು ಪ್ರಸಂಗ ಚೆನ್ನಾಗಿ ನೆನಪಿರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಬಂತು. ಹಳಸಿದ ಅಲ್ಗಾರಿದಂಗಳನ್ನೆಲ್ಲ ಅದರಲ್ಲಿ ಒಂದು ಪ್ರತ್ಯೇಕ ಕಪಾಟಿಗೆ ಹಾಕಿದರು. ಅದರ ಹೆಸರು ‘ಲೆಗಸಿ ಪ್ರೊವೈಡರ್’. ಆರ್‌ಸಿ4, ಹಳೆಯ ಡಿಇಎಸ್, ಬ್ಲೋಫಿಶ್, ಎಂಡಿ4 ಎಲ್ಲ ಅಲ್ಲಿ. ಡೀಫಾಲ್ಟ್ ಆಗಿ ಆ ಕಪಾಟಿಗೆ ಬೀಗ. ಅಕ್ಟೋಬರಿನಲ್ಲಿ, ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ಸಾಧನವಾದ ನೋಡ್ 17 ಈ ಹೊಸ ಲೈಬ್ರರಿಯ ಜೊತೆ ಬಂತು. ಮುಂದಿನ ಏಪ್ರಿಲ್‌ನಲ್ಲಿ ನೋಡ್ 18 ಬಂದಾಗ ಬಿಸಿ ನಿಜವಾಗಿ ತಟ್ಟಿತು. ರಿಯಾಕ್ಟ್, ಆಂಗ್ಯುಲರ್, ವ್ಯೂ ಯಾವುದೇ ಇರಲಿ, ಒಂದೆರಡು ವರ್ಷ ಹಳೆಯ ಪ್ರಾಜೆಕ್ಟ್ ಬಿಲ್ಡ್ ಮಾಡಲು ಹೋದರೆ ‘ಡಿಜಿಟಲ್ ಎನ್ವಲಪ್ ರೊಟೀನ್ಸ್ ಅನ್‌ಸಪೋರ್ಟೆಡ್’.

ಆ ಪ್ರಾಜೆಕ್ಟುಗಳಲ್ಲಿ ಯಾರೂ ಏನನ್ನೂ ಗುಟ್ಟಾಗಿ ಬರೆಯುತ್ತಿರಲಿಲ್ಲ. ವೆಬ್‌ಪ್ಯಾಕ್ 4 ಎಂಬ ಬಿಲ್ಡ್ ಸಾಧನ ತನ್ನ ಫೈಲುಗಳಿಗೆ ಗುರುತಿನ ಹೆಸರಿಡಲು ಎಂಡಿ4 ಎಂಬ ಹ್ಯಾಶ್ (ಎಷ್ಟೇ ದೊಡ್ಡ ಡೇಟಾವನ್ನೂ ಸಣ್ಣ ಗುರುತಾಗಿ ಇಳಿಸುವ ಲೆಕ್ಕ) ಬಳಸುತ್ತಿತ್ತು. ಎಂಡಿ4 ಹುಟ್ಟಿದ್ದು 1990ರಲ್ಲಿ, ಅದು ಮುರಿದುಬಿದ್ದು ಕಾಲು ಶತಮಾನ ದಾಟಿತ್ತು. ಆದರೆ ಸಹಿಗೆ ಯೋಗ್ಯವಲ್ಲದ್ದು ಹೆಸರಿಡಲು ಸಾಕಾಗುತ್ತದೆ, ಬೇಗವೂ ಓಡುತ್ತದೆ. ಅವರು ಭದ್ರತೆಗೆಂದು ಅದನ್ನು ತೆಗೆದುಕೊಂಡಿರಲಿಲ್ಲ. ಲೈಬ್ರರಿಗೆ ಮಾತ್ರ ‘ಯಾಕೆ ಕೇಳುತ್ತಿದ್ದೀಯ’ ಅಂತ ತಿಳಿಯುವ ದಾರಿ ಇಲ್ಲ. ಕೇಳಿದ್ದು ಎಂಡಿ4, ಕಪಾಟಿಗೆ ಬೀಗ ಬಿದ್ದಿದೆ, ಇಲ್ಲ ಅಂದಿತು.

ಆಗ ಬಂತು ಇಟ್ಟಿಗೆ: ‘ಓಪನ್‌ಎಸ್‌ಎಸ್‌ಎಲ್-ಲೆಗಸಿ-ಪ್ರೊವೈಡರ್’ ಎಂಬ ಫ್ಲ್ಯಾಗ್. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅದನ್ನು ಇಟ್ಟರೆ ಇಡೀ ಕಪಾಟು ತೆರೆಯುತ್ತದೆ. ಬೇಕಾಗಿದ್ದು ಎಂಡಿ4 ಒಂದೇ, ತೆರೆದಿದ್ದು ಆರ್‌ಸಿ4, ಡಿಇಎಸ್ ಎಲ್ಲ. ಇದನ್ನು ಜನ ಪ್ಯಾಕೇಜ್ ಫೈಲಿನ ಬಿಲ್ಡ್ ಸಾಲಿನಲ್ಲೇ ಬರೆದಿಟ್ಟರು. ತಮಾಷೆ ಏನೆಂದರೆ, ನೋಡ್ 16 ಇದ್ದ ಲ್ಯಾಪ್‌ಟಾಪಿನಲ್ಲಿ ಅದೇ ಸಾಲು ಓಡಿಸಿದರೆ ‘ಈ ಫ್ಲ್ಯಾಗಿಗೆ ಅನುಮತಿ ಇಲ್ಲ’ ಅಂತ ಬೇರೆ ದೋಷ. ಟೀಮಿನಲ್ಲಿ ಒಬ್ಬರ ಬಿಲ್ಡ್ ಸರಿಮಾಡಿದ ಸಾಲು ಪಕ್ಕದವರ ಬಿಲ್ಡ್ ಕೆಡಿಸಿತು. ನಮ್ಮಲ್ಲಿ ಇಬ್ಬರು ಹುಡುಗರು ಒಂದು ವಾರ ಅದನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡಿದರು. ಗಿಟ್ ಇತಿಹಾಸದಲ್ಲಿ ಅವರ ಜಗಳ ಇವತ್ತೂ ಓದಲು ಸಿಗುತ್ತದೆ.

ವೆಬ್‌ಪ್ಯಾಕಿನವರು ಆಮೇಲೆ ಹೊಸ ಆವೃತ್ತಿಯಲ್ಲಿ ಎಂಡಿ4 ಲೆಕ್ಕವನ್ನು ತಾವೇ ಬರೆದುಕೊಂಡರು. ಓಪನ್‌ಎಸ್‌ಎಸ್‌ಎಲ್ ಹತ್ತಿರ ಕೇಳುವ ಗೋಜೇ ಇಲ್ಲ. ಸರಿಯಾದ ಪರಿಹಾರ ಅದೇ. ಆದರೆ ಅಷ್ಟರಲ್ಲಿ ಫ್ಲ್ಯಾಗ್ ಸಾವಿರಾರು ಪ್ರಾಜೆಕ್ಟುಗಳಲ್ಲಿ ಬೇರುಬಿಟ್ಟಿತ್ತು. ಯಾಕೆ ಹಾಕಿದ್ದು ಅಂತ ಕೇಳಿದರೆ ‘ಅದಿಲ್ಲದಿದ್ದರೆ ಬಿಲ್ಡ್ ಆಗಲ್ಲ’ ಎಂಬ ಉತ್ತರ ಸಿಗುತ್ತದೆ. ಈಗ ಆಗುತ್ತದೋ ಏನೋ, ಯಾರು ತೆಗೆದು ನೋಡಿದ್ದಾರೆ?

ಒಂದೇ ಮನೆಗೆ ಒಂದು ಕೀ

ಇದೇ ಕೆಲಸವನ್ನು ಬೇರೆ ರೀತಿ ಮಾಡಿದವರೂ ಇದ್ದಾರೆ. ದೂರದ ಮಷೀನಿಗೆ ಲಾಗಿನ್ ಆಗಲು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಅಂಥದ್ದು. ಅದರಲ್ಲಿ ‘ಎಸ್‌ಎಸ್‌ಎಚ್-ಆರ್‌ಎಸ್‌ಎ’ ಎಂಬ ಸಹಿ ವಿಧಾನ ಶಾ-1 ಎಂಬ ಹ್ಯಾಶ್ ಮೇಲೆ ನಿಂತಿತ್ತು. ಶಾ-1 ಬಲ ಕಳೆದುಕೊಂಡಿದೆ ಅಂತ 2017ರಲ್ಲೇ ಎಲ್ಲರಿಗೂ ತೋರಿಸಲಾಗಿತ್ತು. 2020ರ ಫೆಬ್ರವರಿಯಲ್ಲಿ 8.2 ಆವೃತ್ತಿಯ ಟಿಪ್ಪಣಿಯಲ್ಲಿ ಅವರು ಹೇಳಿದರು: ಶಾ-1 ಮೇಲಿನ ದಾಳಿಗೆ ಈಗ 50,000 ಡಾಲರಿಗಿಂತ ಕಡಿಮೆ ಸಾಕು, ಬೇಗದಲ್ಲೇ ಇದನ್ನು ಡೀಫಾಲ್ಟ್‌ನಿಂದ ತೆಗೆಯುತ್ತೇವೆ.

ಎಚ್ಚರಿಕೆ ಎಲ್ಲರೂ ಕೊಡುತ್ತಾರೆ, ಯಾರೂ ಓದುವುದಿಲ್ಲ. ಇವರು ಜೊತೆಗೆ ಒಂದು ಕಮಾಂಡ್ ಕೊಟ್ಟರು. ‘ಈ ಒಂದು ವಿಧಾನ ಬಿಟ್ಟು ಸಂಪರ್ಕ ಮಾಡು’ ಅಂತ ಹೇಳುವ ಒಂದು ಆಯ್ಕೆ. ನಿಮ್ಮ ಸರ್ವರಿಗೆ ಹಾಗೆ ಹೋಗಿ ನೋಡಿ, ತಾಗಿದರೆ ನಾಳೆಯೂ ತಾಗುತ್ತದೆ, ಇಲ್ಲದಿದ್ದರೆ ಆ ಸರ್ವರನ್ನು ಅಪ್‌ಗ್ರೇಡ್ ಮಾಡಬೇಕು. ನಾಳೆಯ ಡೀಫಾಲ್ಟನ್ನು ಇವತ್ತೇ, ಯಾರಿಗೂ ತೊಂದರೆ ಕೊಡದೆ, ಅರ್ಧ ನಿಮಿಷದಲ್ಲಿ ಹಾಕಿ ನೋಡಬಹುದು. ನಿಜವಾದ ಬದಲಾವಣೆ ಆಗಿದ್ದು 2021ರ ಸೆಪ್ಟೆಂಬರಿನ 8.8ರಲ್ಲಿ. ಒಂದೂವರೆ ವರ್ಷದ ಮೇಲೆ ಟೈಮ್ ಸಿಕ್ಕಿತ್ತು.

ಆದರೂ ಪೆಟ್ಟು ಬಿತ್ತು. ಹಳೆಯ ನೆಟ್‌ವರ್ಕ್ ಸ್ವಿಚ್ಚುಗಳು, ಮೂಲೆಯಲ್ಲಿ ಕೂತ ಗಿಟ್ ಸರ್ವರುಗಳು ಮಾತು ನಿಲ್ಲಿಸಿದವು. ‘ನನ್ನ ಆರ್‌ಎಸ್‌ಎ ಕೀ ಸತ್ತುಹೋಯಿತು’ ಅಂತ ಹಲವರು ಹೆದರಿದರು. ಸತ್ತಿದ್ದು ಕೀ ಅಲ್ಲ, ಆ ಕೀ ಬಳಸಿ ಸಹಿ ಹಾಕುವ ಹಳೆಯ ರೀತಿ. ಅದೇ ಕೀ ಶಾ-256 ಜೊತೆ ಆರಾಮಾಗಿ ಓಡುತ್ತದೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೆಸರಿಟ್ಟಿದ್ದರಿಂದ ಆದ ಗೊಂದಲ.

ವಿನಾಯಿತಿ ಮಾತ್ರ ಬಹಳ ಕಿರಿದು. ನಿಮ್ಮ ಕಾನ್ಫಿಗ್ ಫೈಲಿನಲ್ಲಿ ಆ ಹಳೆಯ ಸ್ವಿಚ್ಚಿನ ಹೆಸರು ಬರೆದು, ಅದರ ಕೆಳಗೆ ಒಂದು ಪ್ಲಸ್ ಚಿಹ್ನೆ ಹಾಕಿ ಹಳೆಯ ವಿಧಾನದ ಹೆಸರು ಬರೆಯಬೇಕು. ಆ ಒಂದು ಮಷೀನಿಗೆ ಮಾತ್ರ ಅನ್ವಯ. ಆ ಪ್ಲಸ್ ಚಿಹ್ನೆ ನನಗೆ ಬಹಳ ಇಷ್ಟ. ‘ಡೀಫಾಲ್ಟ್ ಪಟ್ಟಿ ಹೇಗಿದೆಯೋ ಹಾಗೇ ಇರಲಿ, ಇದನ್ನೊಂದು ಸೇರಿಸು’ ಅಂತ ಅದರರ್ಥ. ನಾಳೆ ಡೀಫಾಲ್ಟ್ ಪಟ್ಟಿಗೆ ಹೊಸದು ಬಂದರೆ ಅದೂ ಸಿಗುತ್ತದೆ. ಪ್ಲಸ್ ಇಲ್ಲದೆ ಪಟ್ಟಿ ಪೂರ್ತಿ ಬರೆದಿದ್ದರೆ ನೀವು ಬರೆದ ದಿನವೇ ಕಾಲ ನಿಂತುಹೋಗುತ್ತಿತ್ತು. ನಮ್ಮ ಆಫೀಸಿನ ಹಳೆಯ ಸ್ವಿಚ್ಚಿಗೆ ಇಂಥ ನಾಲ್ಕು ಸಾಲು ಇತ್ತು, ಮೇಲೆ ಕಾಮೆಂಟು: ‘ಈ ಡಬ್ಬ ಹೋದ ದಿನ ಇದನ್ನೂ ತೆಗೆಯಿರಿ’. ಡಬ್ಬ ಹೋಯಿತು, ಸಾಲೂ ಹೋಯಿತು.

ಹಳೆಯ ಫೈಲು, ಹೊಸ ಕೀ

ಇಲ್ಲಿಯವರೆಗೆ ಹೇಳಿದ್ದು ಸಂಪರ್ಕದ ಮಾತು. ಸಂಪರ್ಕ ಕಡಿದರೆ ಕೂಡಲೇ ಗೊತ್ತಾಗುತ್ತದೆ, ಎದುರುಗಡೆ ಯಾರಾದರೂ ಫೋನ್ ಎತ್ತುತ್ತಾರೆ. ಇಟ್ಟ ಡೇಟಾದ ಕಥೆ ಇದಕ್ಕಿಂತ ಕೆಟ್ಟದ್ದು. 2015ರಲ್ಲಿ ಎನ್‌ಕ್ರಿಪ್ಟ್ ಮಾಡಿಟ್ಟ ಬ್ಯಾಕಪ್ಪನ್ನು ನೀವು ತೆರೆಯುವುದು ಎಲ್ಲ ಹಾಳಾದ ದಿನ.

ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಎನ್ಕ್’ ಎಂಬ ಕಮಾಂಡ್ ಇದೆ. ಪಾಸ್‌ವರ್ಡ್ ಕೊಟ್ಟರೆ ಫೈಲನ್ನು ಎನ್‌ಕ್ರಿಪ್ಟ್ ಮಾಡಿಕೊಡುತ್ತದೆ. ಪಾಸ್‌ವರ್ಡನ್ನು ಕೀ ಆಗಿ ಬದಲಿಸಲು ಅದು ಮೊದಲು ಎಂಡಿ5 ಎಂಬ ಹ್ಯಾಶ್ ಬಳಸುತ್ತಿತ್ತು. 2016ರ ಆಗಸ್ಟಿನಲ್ಲಿ ಬಂದ 1.1.0ರಲ್ಲಿ ಆ ಡೀಫಾಲ್ಟನ್ನು ಶಾ-256ಕ್ಕೆ ಬದಲಿಸಿದರು. ಒಳ್ಳೆಯದೇ. ಆದರೆ ಹಳೆಯ ಫೈಲನ್ನು ಹೊಸ ಮಷೀನಿನಲ್ಲಿ, ಸರಿಯಾದ ಪಾಸ್‌ವರ್ಡ್ ಕೊಟ್ಟು ತೆರೆದರೆ ಬರುವುದು ‘ಬ್ಯಾಡ್ ಡಿಕ್ರಿಪ್ಟ್’. ತಪ್ಪು ಪಾಸ್‌ವರ್ಡ್ ಹಾಕಿದರೂ ಅದೇ ದೋಷ ಬರುತ್ತದೆ. ಹಾಗಾಗಿ ಜನ ಏನಂದುಕೊಳ್ಳುತ್ತಾರೆ? ಪಾಸ್‌ವರ್ಡ್ ಮರೆತುಹೋಯಿತು ಅಂತ. ಇನ್ನೂ ಒಂದು ವಿಷಯ: ಸಾಮಾನ್ಯವಾಗಿ ಬಳಸುವ ಸಿಬಿಸಿ ವಿಧಾನದಲ್ಲಿ ಈ ದೋಷ ಹಿಡಿಯುವುದು ಫೈಲಿನ ಕೊನೆಯ ಪ್ಯಾಡಿಂಗ್ (ಅಳತೆ ತುಂಬಿಸಲು ಸೇರಿಸಿದ ಬೈಟುಗಳು) ನೋಡಿ. ಸುಮಾರು 256ರಲ್ಲಿ ಒಂದು ಸಲ ಅದು ಅದೃಷ್ಟಕ್ಕೆ ಸರಿ ಕಾಣುತ್ತದೆ. ಆಗ ದೋಷವೂ ಇಲ್ಲ, ಬರೀ ಕಸ ತುಂಬಿದ ಫೈಲ್.

ಆ ಫೈಲನ್ನು ಬಿಚ್ಚಿ ನೋಡಿದರೆ ಕಾರಣ ತಿಳಿಯುತ್ತದೆ. ಮೊದಲ ಎಂಟು ಬೈಟ್ ‘ಸಾಲ್ಟೆಡ್’ ಎಂಬ ಪದ ಮತ್ತು ಎರಡು ಅಂಡರ್‌ಸ್ಕೋರ್. ಮುಂದಿನ ಎಂಟು ಬೈಟ್ ಸಾಲ್ಟ್, ಅಂದರೆ ಪಾಸ್‌ವರ್ಡ್ ಜೊತೆ ಬೆರೆಸಲು ಸುಮ್ಮನೆ ಆರಿಸಿದ ಬೈಟುಗಳು. ಆಮೇಲೆ ನೇರ ಡೇಟಾ. ಯಾವ ಸೈಫರ್, ಯಾವ ಹ್ಯಾಶ್, ಯಾವ ಆವೃತ್ತಿ, ಒಂದೂ ಬರೆದಿಲ್ಲ. ಅದೆಲ್ಲ ಬರೆದವನ ತಲೆಯಲ್ಲಿ ಅಥವಾ ಲೈಬ್ರರಿಯ ಡೀಫಾಲ್ಟಿನಲ್ಲಿ ಇತ್ತು. ಡೀಫಾಲ್ಟ್ ಬದಲಾಯಿತು, ಫೈಲಿಗೆ ತನ್ನ ಹುಟ್ಟಿನ ನೆನಪೇ ಇಲ್ಲ. ಪರಿಹಾರ ಸುಲಭ, ಕಮಾಂಡಿಗೆ ‘ಎಂಡಿ5 ಬಳಸು’ ಅಂತ ಹೇಳಿದರೆ ಆಯಿತು. ಅದು ಗೊತ್ತಿರಬೇಕು ಅಷ್ಟೇ.

ಇದರ ಪಕ್ಕ, ವೆಬ್‌ಸೈಟ್ ಬರೆಯಲು ಬಳಸುವ ಪಿಎಚ್‌ಪಿ ಭಾಷೆಯ ಪಾಸ್‌ವರ್ಡ್ ವ್ಯವಸ್ಥೆಯನ್ನು ಇಟ್ಟು ನೋಡಿ. ಪಿಎಚ್‌ಪಿಯನ್ನು ಬಯ್ಯುವುದು ನಮ್ಮ ವೃತ್ತಿಯಲ್ಲಿ ಒಂದು ಹವ್ಯಾಸ. ಆದರೆ ಇದನ್ನು ಅವರಷ್ಟು ಚೆನ್ನಾಗಿ ಮಾಡಿದವರು ಕಡಿಮೆ. 2013ರ ಪಿಎಚ್‌ಪಿ 5.5ರಲ್ಲಿ ‘ಪಾಸ್‌ವರ್ಡ್ ಹ್ಯಾಶ್’ ಎಂಬ ಫಂಕ್ಷನ್ ಬಂತು. ಅದಕ್ಕೆ ‘ಪಾಸ್‌ವರ್ಡ್ ಡೀಫಾಲ್ಟ್’ ಅಂತ ಕೊಟ್ಟರೆ ಆಗಿನ ಕಾಲಕ್ಕೆ ಒಳ್ಳೆಯದು ಯಾವುದೋ ಅದನ್ನು ಅದೇ ಆರಿಸುತ್ತದೆ. ‘ಇದು ಮುಂದೆ ಬದಲಾಗುತ್ತದೆ’ ಅಂತ ಮೊದಲ ದಿನವೇ ಹೇಳಿದ್ದರು. ಆಗ ಅದು ಆರಿಸುತ್ತಿದ್ದ ಬಿಕ್ರಿಪ್ಟ್ ಹ್ಯಾಶ್ ಉದ್ದ 60 ಅಕ್ಷರ, ಆದರೆ ಡೇಟಾಬೇಸಿನಲ್ಲಿ 255 ಅಕ್ಷರಕ್ಕೆ ಜಾಗ ಬಿಡಿ ಅಂತ ಸಲಹೆ ಕೊಟ್ಟಿದ್ದರು.

ಮುಖ್ಯ ಗುಟ್ಟು ಹ್ಯಾಶ್ ಒಳಗೇ ಇದೆ. ಪ್ರತಿ ಹ್ಯಾಶ್ ಶುರುವಾಗುವುದು ಡಾಲರ್ ಚಿಹ್ನೆಗಳ ನಡುವೆ ಅಲ್ಗಾರಿದಂನ ಗುರುತು ಮತ್ತು ಕಾಸ್ಟ್, ಅಂದರೆ ಲೆಕ್ಕಕ್ಕೆ ಹಿಡಿಯುವ ಶ್ರಮ, ಎಷ್ಟು ಎಂಬ ಸಂಖ್ಯೆಯಿಂದ. ಫೈಲಿಗಿಲ್ಲದ ಹುಟ್ಟಿನ ನೆನಪು ಇದಕ್ಕಿದೆ. 2024ರ ನವೆಂಬರಿನಲ್ಲಿ ಪಿಎಚ್‌ಪಿ 8.4 ಬಂದಾಗ ಆ ಕಾಸ್ಟ್ 10ರಿಂದ 12ಕ್ಕೆ ಏರಿತು. ಒಂದು ಹೆಜ್ಜೆಗೆ ಕೆಲಸ ಎರಡು ಪಟ್ಟು, ಅಂದರೆ ಎರಡು ಹೆಜ್ಜೆಗೆ ನಾಲ್ಕು ಪಟ್ಟು. ಹಳೆಯ ಪಾಸ್‌ವರ್ಡುಗಳು ಕೆಡಲಿಲ್ಲ, ಅವುಗಳ ಮೇಲೆ 10 ಅಂತ ಬರೆದಿದೆಯಲ್ಲ. ಬಳಕೆದಾರರು ಮುಂದಿನ ಸಲ ಲಾಗಿನ್ ಆದಾಗ ‘ನೀಡ್ಸ್ ರೀಹ್ಯಾಶ್’ ಎಂಬ ಫಂಕ್ಷನ್ ಕೇಳಿದರೆ ‘ಹೌದು, ಇದು ಹಳೆಯದು’ ಅನ್ನುತ್ತದೆ, ಆಗ ಹೊಸ ಹ್ಯಾಶ್ ಬರೆದಿಡಬಹುದು. ಹಾಲಿನವನು ಗೇಟಿನ ಹತ್ತಿರ ಬಂದಾಗ ಹಳೆಯ ಕೀ ಇಸ್ಕೊಂಡು ಹೊಸದು ಕೈಗಿಟ್ಟ ಹಾಗೆ.

ಮಾತು ಕೊಡದೆ ಇರುವುದು

ಪೈಥಾನಿನವರೂ 2014ರ ಗದ್ದಲದಿಂದ ಪಾಠ ಕಲಿತರು, ಅಥವಾ ಆಗಲೇ ಕಲಿತಿದ್ದರು. ‘ಕ್ರಿಯೇಟ್ ಡೀಫಾಲ್ಟ್ ಕಾಂಟೆಕ್ಸ್ಟ್’ ಎಂಬ ಫಂಕ್ಷನ್ನಿನ ವಿವರಣೆಯಲ್ಲಿ ಒಂದು ಟಿಪ್ಪಣಿ ಇದೆ. ಇದರ ಪ್ರೊಟೊಕಾಲ್, ಸೈಫರ್ ಮುಂತಾದ ಸೆಟಿಂಗುಗಳು ಯಾವಾಗ ಬೇಕಾದರೂ, ಮೊದಲೇ ಹೇಳದೆ, ಇನ್ನಷ್ಟು ಬಿಗಿಯಾಗಬಹುದು ಎಂಬುದು ಅದರ ಸಾರ. ‘ನಾವು ಇದನ್ನು ಹೀಗೇ ಇಡುತ್ತೇವೆ’ ಅಂತ ಮಾತೇ ಕೊಟ್ಟಿಲ್ಲ. ಹೀಗೇ ಇರಬೇಕು ಅನ್ನುವವರು ತಾವೇ ಒಂದೊಂದಾಗಿ ಬರೆದುಕೊಳ್ಳಬೇಕು.

2024ರ ಅಕ್ಟೋಬರಿನ ಪೈಥಾನ್ 3.13ರಲ್ಲಿ ಅವರು ಈ ಹಕ್ಕನ್ನು ಚಲಾಯಿಸಿದರು. ಸರ್ಟಿಫಿಕೇಟನ್ನು ನಿಯಮದ ಅಕ್ಷರಕ್ಕೆ ಸರಿಯಾಗಿ ನೋಡುವ ಕಟ್ಟುನಿಟ್ಟಿನ ಪರಿಶೀಲನೆ ಡೀಫಾಲ್ಟ್ ಆಯಿತು. ದೊಡ್ಡ ವೆಬ್‌ಸೈಟುಗಳಿಗೆ ಏನೂ ಆಗಲಿಲ್ಲ. ಪೆಟ್ಟು ತಿಂದಿದ್ದು ಆಫೀಸುಗಳು ತಮ್ಮೊಳಗೆ ಮಾಡಿಕೊಂಡ ಸರ್ಟಿಫಿಕೇಟ್ ವ್ಯವಸ್ಥೆಗಳು. ಅವುಗಳನ್ನು ಯಾರೋ ಎಂದೋ ಒಂದು ಸ್ಕ್ರಿಪ್ಟಿನಿಂದ ಮಾಡಿರುತ್ತಾರೆ, ಬೇಕಾದ ಒಂದು ಕಾಲಂ ಖಾಲಿ ಬಿಟ್ಟಿರುತ್ತಾರೆ. ಮಾತು ಕೊಟ್ಟಿಲ್ಲ ಅಂತ ಟಿಪ್ಪಣಿಯಲ್ಲಿ ಬರೆದ ಮಾತ್ರಕ್ಕೆ ಬೆಳಗಿನ ಜಾವ ಕಾಲ್ ಬಂದವರಿಗೆ ಸಮಾಧಾನ ಆಗುವುದಿಲ್ಲ ಅಲ್ವಾ? ಆದರೂ ಇದರಲ್ಲಿ ಒಂದು ಒಳ್ಳೆಯದಿದೆ. ಆ ಕಟ್ಟುನಿಟ್ಟಿನ ಒಂದು ಗುರುತನ್ನಷ್ಟೇ, ಒಂದು ಕಾಂಟೆಕ್ಸ್ಟಿನಲ್ಲಷ್ಟೇ ತೆಗೆಯಬಹುದು. ಸರ್ಟಿಫಿಕೇಟ್ ಪರಿಶೀಲನೆ ಉಳಿದೆಲ್ಲ ರೀತಿಯಲ್ಲಿ ನಡೆಯುತ್ತಲೇ ಇರುತ್ತದೆ. 2014ರ ಆ ಒಂದು ಸಾಲಿಗಿಂತ ಇದು ಎಷ್ಟೋ ಮೇಲು.

ಫೆಡೋರಾ ಲಿನಕ್ಸಿನವರು ಇನ್ನೊಂದು ದಾರಿ ನೋಡಿದರು. ಶಾ-1 ಸಹಿಗಳನ್ನು ನಿಲ್ಲಿಸುವ ಮೊದಲು ರಿಹರ್ಸಲ್. ಅಭಿವೃದ್ಧಿಯ ಹಂತದ ಆವೃತ್ತಿಯಲ್ಲಿ ನಿಲ್ಲಿಸಿ, ಏನೇನು ಕೆಡುತ್ತದೆ ನೋಡಿ, ಜನರಿಗೆ ಬಿಡುಗಡೆ ಮಾಡುವ ಮುಂಚೆ ವಾಪಸ್ ತೆಗೆಯುವ ಉಪಾಯ. ಕಡೆಗೆ ನಿಜವಾಗಿ ನಿಲ್ಲಿಸಿದ್ದು 2024ರ ಫೆಡೋರಾ 41ರಲ್ಲಿ. ನಿಧಾನ ಅನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಇದಕ್ಕೆ ಎದುರಾಗಿ ಜಾವಾದಲ್ಲಿ 2021ರ ಏಪ್ರಿಲ್‌ನ ಮಾಮೂಲಿ ಅಪ್‌ಡೇಟಿನಲ್ಲಿ ಟಿಎಲ್‌ಎಸ್ 1.0 ಮತ್ತು 1.1 ನಿಂತವು. ಹಳೆಯ ಡೇಟಾಬೇಸಿಗೆ ಅಂಟಿಕೊಂಡಿದ್ದ ಪ್ರೋಗ್ರಾಮುಗಳು ಒಂದು ಪ್ಯಾಚ್ ಹಾಕಿದ ಮಾತ್ರಕ್ಕೆ ನಿಂತವು.

ಮುಂದಿನ ಸಾಲಿನಲ್ಲಿ ಯಾರಿದ್ದಾರೆ

ಇದೆಲ್ಲ ಹಳೆಯ ಕಥೆ ಅಂದುಕೊಳ್ಳಬೇಡಿ. ಓಪನ್‌ಎಸ್‌ಎಸ್‌ಎಲ್ 3.0ಕ್ಕೆ ಅದರ ತಂಡ ಕೊಡುವ ದೀರ್ಘಾವಧಿ ಬೆಂಬಲದ ಗಡುವು 2026ರ ಸೆಪ್ಟೆಂಬರ್ 7. ಅಲ್ಲಿಂದ ಹೊರಡುವವರಿಗೆ ಸಹಜವಾದ ನಿಲ್ದಾಣ 2025ರ ಏಪ್ರಿಲ್‌ನಲ್ಲಿ ಬಂದ 3.5, ಅದೂ ದೀರ್ಘಾವಧಿಯದೇ. ಈ ಎರಡರ ನಡುವೆ ಬಂದ ಬದಲಾವಣೆಗಳು ಒಂದೇ ಸಲ ಎದುರಾಗುತ್ತವೆ. 2023ರ ನವೆಂಬರಿನ 3.2ರಲ್ಲಿ ಸೆಕ್‌ಲೆವೆಲ್ ಡೀಫಾಲ್ಟ್ 2 ಆಯಿತು. ಡೆಬಿಯನ್‌ನವರು 2019ರಲ್ಲಿ ಮಾಡಿದ್ದು ಮೂಲ ಲೈಬ್ರರಿಗೆ ಬರಲು ನಾಲ್ಕು ವರ್ಷ ಬೇಕಾಯಿತು.

3.5ರಲ್ಲಿ ಕ್ವಾಂಟಂ ಕಂಪ್ಯೂಟರಿಗೂ ಬಗ್ಗದ ಕೀ ವಿನಿಮಯ ಡೀಫಾಲ್ಟ್ ಆಗಿದೆ. ಹಳೆಯ ಎಕ್ಸ್25519 ಜೊತೆ ಹೊಸ ಎಂಎಲ್-ಕೆಇಎಂ ಸೇರಿಸಿದ ಜೋಡಿ. ಹಳೆಯದರ ಕೀ 32 ಬೈಟ್, ಹೊಸದು 1184 ಬೈಟ್. ಹೀಗಾಗಿ ಸಂಪರ್ಕ ಶುರುಮಾಡುವ ಮೊದಲ ‘ಹಲೋ’ ಸಂದೇಶ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯದೆ ಎರಡಾಗುತ್ತದೆ. ಎರಡಾದರೆ ಏನು? ನಿಯಮದ ಪ್ರಕಾರ ಏನೂ ಆಗಬಾರದು. ಆದರೆ ‘ಹಲೋ ಯಾವಾಗಲೂ ಒಂದೇ ಪ್ಯಾಕೆಟ್ಟಿನಲ್ಲಿ ಬರುತ್ತದೆ’ ಅಂತ ನಂಬಿಕೊಂಡ ಕೆಲವು ಫೈರ್‌ವಾಲ್, ಪ್ರಾಕ್ಸಿ, ಸರ್ವರುಗಳಿವೆ. 2024ರ ಏಪ್ರಿಲ್‌ನಲ್ಲಿ ಕ್ರೋಮ್ ಬ್ರೌಸರ್ ಇಂಥ ಕೀ ವಿನಿಮಯ ಶುರುಮಾಡಿದಾಗ ಅವು ಒಂದೊಂದಾಗಿ ಬೆಳಕಿಗೆ ಬಂದವು. ಈ ಸಲ ದುರ್ಬಲವಾದದ್ದನ್ನು ತೆಗೆದಿಲ್ಲ, ಬಲವಾದದ್ದನ್ನು ಸೇರಿಸಿದ್ದಷ್ಟೇ. ಅದಕ್ಕೂ ಏನೋ ಕೆಡುತ್ತದೆ. ಯಾರೂ ಬರೆದಿಡದ, ಯಾರೂ ಮಾತು ಕೊಡದ ಒಂದು ಅಳತೆಯ ಮೇಲೆ ಯಾರೋ ಮನೆ ಕಟ್ಟಿಕೊಂಡಿರುತ್ತಾರೆ.

ಈಗ ಆ 1ರ ಕಥೆ. ನಮ್ಮ ಮಷೀನ್ ಡೆಬಿಯನ್ 10ರಿಂದ 11ಕ್ಕೆ, ಅಲ್ಲಿಂದ 12ಕ್ಕೆ ಹೋಯಿತು. 12ಕ್ಕೆ ಏರಿಸುವಾಗ ಅದು ನಡುವೆ ನಿಂತು ಕೇಳಿತು: ಓಪನ್‌ಎಸ್‌ಎಸ್‌ಎಲ್ ಕಾನ್ಫಿಗ್ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜಿನಲ್ಲಿ ಹೊಸದು ಬಂದಿದೆ, ಯಾವುದು ಬೇಕು? ಏನೂ ಹೇಳದೆ ಎಂಟರ್ ಒತ್ತಿದರೆ ‘ಎನ್’, ನಿಮ್ಮ ಹಳೆಯದೇ ಉಳಿಯುತ್ತದೆ. ಡೀಫಾಲ್ಟ್ ಅದೇ. ಒತ್ತುವುದರಲ್ಲಿದ್ದೆ. ಏನು ತಿದ್ದಿದ್ದೆವು ಅಂತ ನೆನಪಾಗದೆ ‘ಡಿ’ ಒತ್ತಿ ವ್ಯತ್ಯಾಸ ನೋಡಿದೆ. ಅಲ್ಲಿ ಕೂತಿತ್ತು, ಸೆಕ್‌ಲೆವೆಲ್ 1. ಕಾಮೆಂಟಿಲ್ಲ, ತಾರೀಕಿಲ್ಲ. ಇಷ್ಟು ವರ್ಷದಲ್ಲಿ ಆ ಮಷೀನಿಗೆ ಇನ್ನೂ ಆರು ಪ್ರೋಗ್ರಾಮುಗಳು ಬಂದು ಸೇರಿದ್ದವು. ಎಲ್ಲಕ್ಕೂ ಅದೇ 1.

ಆ ಸಂಸ್ಥೆಯ ಸರ್ವರಿಗೆ ಓಪನ್‌ಎಸ್‌ಎಸ್‌ಎಲ್‌ನ ‘ಎಸ್-ಕ್ಲೈಂಟ್’ ಕಮಾಂಡಿನಿಂದ ಕೈಯಾರೆ ಸಂಪರ್ಕ ಮಾಡಿದೆ. ಉತ್ತರದ ನಡುವೆ ಒಂದು ಸಾಲು: ‘ಸರ್ವರ್ ಟೆಂಪ್ ಕೀ: ಎಕ್ಸ್25519, 253 ಬಿಟ್ಸ್’. 1024ರ ಡಿಫಿ-ಹೆಲ್‌ಮನ್ ಸುಳಿವೇ ಇಲ್ಲ. ಫೋನ್ ಮಾಡಿ ಕೇಳಿದೆ. ‘ಅಯ್ಯೋ, ಆ ಸರ್ವರ್ ಕೊರೊನಾ ಟೈಮಲ್ಲೇ ಬದಲಾಯಿಸಿದ್ವಲ್ಲ ಸರ್. ನಿಮಗೆ ಹೇಳಿರಲಿಲ್ವಾ?’

ವಾಪಸ್ ಬಂದು ‘ವೈ’ ಒತ್ತಿದೆ. ರಾತ್ರಿ ಫೈಲ್ ಎಂದಿನ ಹೊತ್ತಿಗೆ ಬಂತು.